ಹುಳು ಬೆಳೆಯ ಬಿಡುವಿನಲ್ಲಿ ಹಳೇ ಜಿಪ್ಸಿ ರಿಪೇರಿ

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆ ಹುಳು ಸಾಕುವ ಮನೆ. ನನ್ನ ಹತ್ತಿರ ಇರುವುದು 1998ರ ಮಾರುತಿ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬುರೇಟರ್ ಗಾಡಿ. ನಾಲ್ಕು ವರ್ಷದಿಂದ ಇದರ ಬಹುಪಾಲು ಕೆಲಸ ನಾನೇ ಮಾಡುತ್ತಿದ್ದೇನೆ. ಶುರು ಮಾಡಿದಾಗ ಪಂಕ್ಚರ್ ಆದರೆ ಸ್ಟೆಪ್ನಿ ಹಾಕುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಳೇ ಫೋರ್ ವೀಲ್ ಡ್ರೈವ್ ಗಾಡಿ ತಗೊಂಡು ಎಲ್ಲಿಂದ ಶುರು ಮಾಡಬೇಕು ಅಂತ ಯೋಚಿಸುತ್ತಾ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹುಳು ಸಾಕುವವರಿಗೆ ಬಿಡುವು ಲೆಕ್ಕದ್ದು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದ ಮೇಲೆ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆ ವಾರ ಗಾಡಿ ಕಡೆ ತಿರುಗಿ ನೋಡುವಂತಿಲ್ಲ. ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಮುಂದಿನ ಚಾಕಿ ಹುಳು (ಮರಿ ಹುಳು) ಬರುವ ತನಕ ಒಂದಷ್ಟು ದಿನ ಸಿಗುತ್ತದೆ. ಆ ದಿನಗಳಲ್ಲಿ ಒಂದು ಕೆಲಸ. ಒಂದೇ. ಬ್ರೇಕ್ ಬಿಚ್ಚಿದ್ದರೆ ಕಾರ್ಬುರೇಟರ್ ಮುಟ್ಟುವುದಿಲ್ಲ. ಮೊದಮೊದಲು ಇದು ಅನಿವಾರ್ಯಕ್ಕೆ ಮಾಡಿಕೊಂಡ ನಿಯಮ. ಆಮೇಲೆ ಇದರಿಂದಲೇ ನನ್ನ ಗಾಡಿ ಉಳಿಯಿತು ಅನ್ನಿಸಿತು. ಎರಡು ಕಡೆ ಒಟ್ಟಿಗೆ ಕೈ ಹಾಕಿದಿರಿ ಅಂದುಕೊಳ್ಳಿ. ವಾಪಸ್ ಜೋಡಿಸಿ ಸ್ಟಾರ್ಟ್ ಮಾಡಿದಾಗ ಹೊಸ ಸದ್ದು ಬಂದರೆ ಅದು ಯಾವುದರಿಂದ ಬಂತು ಅಂತ ಹೇಗೆ ಹೇಳುತ್ತೀರಿ? ಎಷ್ಟೋ ಹಳೇ ಜೀಪುಗಳು ಶೆಡ್ಡಿನಲ್ಲಿ ಅರ್ಧ ಬಿಚ್ಚಿದ ಹಾಗೇ ಗುಜರಿಗೆ ಹೋಗುವುದು ದುಡ್ಡಿಲ್ಲದೆ ಅಲ್ಲ, ಎಲ್ಲವನ್ನೂ ಒಂದೇ ಸಲ ಬಿಚ್ಚಿದ್ದಕ್ಕೆ.

ತಗೊಳ್ಳುವ ಮೊದಲು

ಇಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜಿಪ್ಸಿ ಇಂಜಿನ್‌ನ ಸಾಮಾನು ಸಿಗುತ್ತದೆ, ಕೆಲಸ ಗೊತ್ತಿರುವವರೂ ಸಿಗುತ್ತಾರೆ. ನೋಡಬೇಕಾದ್ದು ತುಕ್ಕು. ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿ ಕೆಳಗೆ ಮಲಗಿ. ಹಿಂದಿನ ಚಕ್ರದ ಮೇಲಿನ ಕಮಾನು, ಕಾಲಿಡುವ ತಳದ ತಗಡು, ಮುಂದಿನ ಗಾಜಿನ ಚೌಕಟ್ಟಿನ ಕೆಳಂಚು, ಬಾಡಿ ಚಾಸಿಗೆ ಕೂರುವ ಜಾಗಗಳು, ಇವನ್ನೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಮೇಲೆ ಎಷ್ಟೇ ಬಣ್ಣ ಬಳಿದಿದ್ದರೂ ಸರಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡಿದ ಗಾಡಿ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಒಣ ಹವೆ. ಕರಾವಳಿಯಲ್ಲಿ ಹದಿನೈದು ಮಳೆಗಾಲ ಕಂಡ ಗಾಡಿಯಾದರೆ ಎರಡು ಸಲ ತಟ್ಟಿ ನೋಡಿ.

ಕಾಗದ ನೋಡಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ ನವೀಕರಣ ಮಾಡಿಸಬೇಕು. ಅದಾಗದ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳಬೇಡಿ. ಮಿಲಿಟರಿಯವರು ಹರಾಜು ಹಾಕಿದ ಜಿಪ್ಸಿ ಸಿಕ್ಕಿದರೆ ಅದರ ಹಸಿರು ಬಣ್ಣ ಬದಲಾಯಿಸಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ಸೇನೆಯ ಗಾಡಿಗೆ ಮಾತ್ರ.

ಸಾಮಾನು ಮತ್ತು ಜಾಗ

ಸುಜುಕಿ ಗಾಡಿಯಲ್ಲಿ ಮುಕ್ಕಾಲು ಪಾಲು ಬೋಲ್ಟು 10, 12, 14, 17 ಮಿಲಿಮೀಟರ್ ಸೈಜು. ಈ ನಾಲ್ಕರಲ್ಲಿ ಒಳ್ಳೇ ಸಾಕೆಟ್, ಒಳ್ಳೇ ರಿಂಗ್ ಸ್ಪ್ಯಾನರ್ ತಗೊಳ್ಳಿ. ನೂರು ತುಂಡಿನ ಅಗ್ಗದ ಪೆಟ್ಟಿಗೆ ಬೇಡ. ಅದು ನಟ್ಟಿನ ಮೂಲೆ ಸವೆಸುತ್ತದೆ. ಮೂಲೆ ಹೋದ ನಟ್ಟು ಬಿಚ್ಚುವುದಕ್ಕೆ ಒಂದು ದಿನ ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಗ್ಗೆ ಕೈ ಹಾಕಿ.

ಜಾಕಿ ಎತ್ತುವುದಕ್ಕೆ. ಹಿಡಿದು ನಿಲ್ಲಿಸುವುದಕ್ಕೆ ಅಲ್ಲ. ಗಾಡಿ ಕೆಳಗೆ ಕೈ ಹೋಗುವ ಮೊದಲು ಎರಡು ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಡಬೇಡಿ, ಅವು ಹೇಳದೆ ಕೇಳದೆ ಸೀಳುತ್ತವೆ. ನಮ್ಮಂಥ ಮಣ್ಣು ಅಂಗಳದಲ್ಲಿ ಜಾಕಿಯೇ ನೆಲಕ್ಕೆ ಇಳಿಯುತ್ತದೆ. ನಾನು ಎರಡು ಅಡಿ ಅಗಲದ ಕಲ್ಲು ಚಪ್ಪಡಿ ಹಾಕಿ ಅದರ ಮೇಲೆ ಇಡುತ್ತೇನೆ. ಬಿಚ್ಚಿದ ಸಾಮಾನಿಗೆ ಹಳೇ ಹುಳು ತಟ್ಟೆ. ಬಿಚ್ಚಿದ ಸಾಲಿನಲ್ಲೇ ಎಡದಿಂದ ಬಲಕ್ಕೆ ಜೋಡಿಸಿ, ಫೋಟೋ ತೆಗೆದು ಇಟ್ಟರೆ ವಾಪಸ್ ಹಾಕುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಹುಳು ಇರುವ ಮನೆಯವರಿಗೆ ಇನ್ನೊಂದು ಮಾತು: ಗಾಡಿ ಕೆಲಸದ ಜಾಗ ಹುಳು ಮನೆಯಿಂದ ದೂರ ಇರಲಿ. ಎಣ್ಣೆ ಕೈಯಲ್ಲಿ ಸೊಪ್ಪು ಮುಟ್ಟಬೇಡಿ.

ಬ್ರೇಕು, ಎಲ್ಲಕ್ಕಿಂತ ಮೊದಲು

ನಾನು ಇದನ್ನು ಮೊದಲು ಮಾಡಲಿಲ್ಲ. ಗಾಡಿ ಬಂದ ತಿಂಗಳಲ್ಲೇ ದೊಡ್ಡ ಟೈರ್ ಹಾಕಿಸಿದೆ. ಮಾರಿದವರು ಬ್ರೇಕ್ ಕೆಲಸ ಈಗ ತಾನೇ ಆಗಿದೆ ಅಂದಿದ್ದರು, ನಂಬಿದೆ. ಒಂದು ಭಾನುವಾರ ಅಪ್ಪ, ಅಕ್ಕನ ಮಗ, ನಾನು ನಂದಿ ಬೆಟ್ಟಕ್ಕೆ ಹೋದೆವು. 1478 ಮೀಟರ್ ಎತ್ತರದ ಬೆಟ್ಟ. ಇಳಿಯುವಾಗ ತಿರುವಿಗೊಂದು ಸಲ ಬ್ರೇಕ್ ಒತ್ತುತ್ತಾ ಬಂದೆ. ಅರ್ಧ ಇಳಿದಿದ್ದೆವು. ಪೆಡಲ್ ಮೆತ್ತಗಾಯಿತು, ಹಸಿ ಮಣ್ಣು ತುಳಿದ ಹಾಗೆ. ಮುಂದಿನ ತಿರುವಿಗೆ ಪೆಡಲ್ ಪೂರಾ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಸೆಕೆಂಡ್ ಗೇರ್, ಆಮೇಲೆ ಫಸ್ಟ್ ಗೇರ್, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಕಟ್ಟೆಗೆ ಬಂಪರ್ ಒರೆಸಿ ನಿಲ್ಲಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ರಸ್ತೆ ಪಕ್ಕ ಕೂತರು. ಅರ್ಧ ಗಂಟೆ ಆದ ಮೇಲೆ ಪೆಡಲ್ ತಾನಾಗೇ ಗಟ್ಟಿಯಾಯಿತು.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕುದಿಯುವುದು ಕಡಿಮೆ ಎಂದರೂ 205 ಡಿಗ್ರಿಗೆ. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಆವಿಯಾಗುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಮುಂದೆ ತಳ್ಳುತ್ತದೆ, ಆವಿಯನ್ನು ಒತ್ತಿದರೆ ಸುಮ್ನೆ ಕುಗ್ಗುತ್ತದೆ. ಕಾಲಿನ ಬಲ ಚಕ್ರಕ್ಕೆ ತಲುಪುವುದೇ ಇಲ್ಲ. ತಣ್ಣಗಾದರೆ ಪೆಡಲ್ ವಾಪಸ್ ಬರುತ್ತದೆ, ಅದಕ್ಕೇ ಗ್ಯಾರೇಜಿನಲ್ಲಿ ತೋರಿಸಿದರೆ ಎಲ್ಲ ಸರಿ ಇದೆ ಅನ್ನುತ್ತಾರೆ. ನನ್ನ ಗಾಡಿಯಿಂದ ತೆಗೆದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಹೊಸದು ತಿಳಿ ಬಂಗಾರದ ಬಣ್ಣ ಇರುತ್ತದೆ.

ಬದಲಾಯಿಸುವುದು ಕಷ್ಟದ ಕೆಲಸ ಅಲ್ಲ, ಇಬ್ಬರು ಬೇಕು ಅಷ್ಟೇ. ಚಕ್ರದ ಹಿಂದೆ ಬ್ರೇಕ್ ಆಯಿಲ್ ಹೊರಬಿಡುವ ನಿಪ್ಪಲ್‌ಗೆ, ಒಳಗಿನದು ಕಾಣುವಂಥ ಸಣ್ಣ ಪೈಪ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಹಿಂದಿನ ಚಕ್ರದ ಕಡೆಯಿಂದ ಶುರು ಮಾಡಿ, ಮುಂದಕ್ಕೆ ಬನ್ನಿ. ಒಳಗೆ ಕೂತವರು ಪೆಡಲ್ ನಿಧಾನಕ್ಕೆ ಒತ್ತಿ, ಒತ್ತಿಕೊಂಡೇ ಇರಬೇಕು. ಆಗ ನೀವು ನಿಪ್ಪಲ್ ಕಾಲು ಸುತ್ತು ಬಿಡಿಸಿ. ಆಯಿಲ್, ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆ ಮಾತ್ರ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಾನು ಅಕ್ಕನ ಮಗನಿಗೆ ಹೇಳಿಕೊಟ್ಟಿದ್ದು ಎರಡೇ ಮಾತು: ನಾನು “ಒತ್ತು” ಅಂದರೆ ಅವನು ಒತ್ತಿ “ಒತ್ತಿದೆ ಚಿಕ್ಕಮ್ಮ” ಅನ್ನಬೇಕು, “ಬಿಡು” ಅಂದರೆ ಮಾತ್ರ ಬಿಡಬೇಕು. ಹೊಸ ಬಣ್ಣದ ಆಯಿಲ್ ಗುಳ್ಳೆ ಇಲ್ಲದೆ ಬರುವ ತನಕ ಮಾಡಿ. ನಡುನಡುವೆ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದ ಹಾಗೆ ತುಂಬುತ್ತಿರಿ. ಸೀಲ್ ಒಡೆದು ಇಟ್ಟಿದ್ದ ಹಳೇ ಬಾಟಲಿ ಬಳಸಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಹಾಗೇ ರಬ್ಬರ್ ಬ್ರೇಕ್ ಹೋಸ್ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಾಯಿಸಿ. ಹಿಂದಿನ ಡ್ರಮ್ ಬಿಚ್ಚಿದಾಗ ಒಳಗೆ ಎಣ್ಣೆ ಜಿಡ್ಡಿದ್ದರೆ ಆಕ್ಸಲ್ ಸೀಲೋ ವೀಲ್ ಸಿಲಿಂಡರೋ ಹೋಗಿದೆ. ಅದು ಸರಿಯಾಗದೆ ಹೊಸ ಲೈನರ್ ಹಾಕಿ ಉಪಯೋಗ ಇಲ್ಲ.

ನೀರು

ನಮ್ಮ ಎರಡು ಜಿಲ್ಲೆಯವರಿಗೆ ಇದು ಬಿಡಿಸಿ ಹೇಳಬೇಕಾದ್ದೇ ಇಲ್ಲ. ಸಾವಿರ ಅಡಿ ಆಳದಿಂದ ಬರುವ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ, ಬಿಳೀ ಪದರ? ಹತ್ತು ವರ್ಷ ಅದೇ ನೀರು ಕುಡಿದ ರೇಡಿಯೇಟರ್ ಒಳಗೂ ಅದೇ ಇರುತ್ತದೆ. ಗಾಡಿ ಬಿಸಿಯಾಗುತ್ತದೆ ಅಂದಾಗ ಫ್ಯಾನ್, ವಾಟರ್ ಪಂಪ್ ಅಂತ ಬದಲಾಯಿಸುವ ಮೊದಲು ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆ ರಾಡ್ ಹಾಕಿ ಸ್ವಚ್ಛ ಮಾಡಿಸಿ. ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಹಾಕಿ. ದಾರಿಯಲ್ಲಿ ನೀರು ಕಡಿಮೆಯಾದರೆ ಅಂತ ಬೆರೆಸಿದ ಕೂಲಂಟ್ ಒಂದು ಬಾಟಲಿ ಸೀಟಿನ ಕೆಳಗೆ ಇರಲಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬೇಡಿ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಸಣ್ಣ ಬಾಗಿಲು) ಕಿತ್ತು ಬಿಸಾಡಿ, ಗಾಡಿ ತಣ್ಣಗಿರುತ್ತದೆ ಅನ್ನುವವರು ಸಿಗುತ್ತಾರೆ. ಕೇಳಬೇಡಿ. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದು ಸರಿ ಇದೆಯಾ ಅಂತ ನೋಡಲು ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಡಿ, ಸ್ಟೌ ಹಚ್ಚಿ. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ನೀರು ಕುದಿ ಬರುವ ಮೊದಲೇ ನಡುವಿನ ತಟ್ಟೆ ಮೆಲ್ಲಗೆ ಬಾಯಿ ಬಿಡಬೇಕು. ಕುದಿ ಬಂದರೂ ಮುಚ್ಚಿಯೇ ಇದ್ದರೆ ಹೊಸದು ತನ್ನಿ.

ಐದು ಕಡೆಯ ಎಣ್ಣೆ, ಮತ್ತೆ ಪೆಟ್ರೋಲು

ಕಾರಿನವರಿಗೆ ಇಂಜಿನ್ ಆಯಿಲ್, ಗೇರ್ ಆಯಿಲ್ ಅಂದರೆ ಮುಗಿಯಿತು. ಇಲ್ಲಿ ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವುದು), ಮುಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಹಿಂದಿನ ಡಿಫರೆನ್ಷಿಯಲ್, ಒಟ್ಟು ಐದು ಕಡೆ. ಯಾವುದೇ ಇರಲಿ, ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ. ಅದು ಬಿಚ್ಚಿದ ಮೇಲೆ ಇಳಿಸುವ ಬೋಲ್ಟು. ಎಣ್ಣೆ ಎಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತ ಹಾಗೆ. ಎರಡು ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಗೇರ್ ಬಾಕ್ಸಿಗೆ ಜಿಎಲ್-4. ಇಳಿದ ಎಣ್ಣೆ ಹಾಲು ಬೆರೆತ ಟೀ ಹಾಗಿದ್ದರೆ ನೀರು ಹೋಗಿದೆ. ಹಳ್ಳ, ಕೆರೆ ನೀರಿನಲ್ಲಿ ಇಳಿಸಿದ ಗಾಡಿಯಲ್ಲಿ ಇದು ಸಾಮಾನ್ಯ.

ಪೆಟ್ರೋಲ್ ವಿಷಯ ಈಗ ಹಳೇ ಗಾಡಿಯವರಿಗೆ ಹೊಸ ತಲೆನೋವು. ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಪಾಲು ಎಥನಾಲ್. 1998ರ ರಬ್ಬರ್ ಪೈಪು, ಕಾರ್ಬುರೇಟರ್ ಒಳಗಿನ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಊದುತ್ತವೆ, ಮೆತ್ತಗಾಗುತ್ತವೆ, ಸೋರುತ್ತವೆ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಎಲ್ಲ ರಬ್ಬರ್ ಪೈಪನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ, ಹೊಸ ಕ್ಲಿಪ್ ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದ ದಿನ ಇದನ್ನೂ, ಕಾರ್ಬುರೇಟರ್ ಕಿಟ್ಟನ್ನೂ, ಟೈಮಿಂಗ್ ಬೆಲ್ಟನ್ನೂ ಒಟ್ಟಿಗೆ ತಂದುಬಿಡಿ. ಹಿಂದಿನ ಮಾಲೀಕರು ಬೆಲ್ಟ್ ಯಾವಾಗ ಹಾಕಿಸಿದ್ದರು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿಯಿರಿ.

ಸ್ಟೀರಿಂಗ್ ನಡುಕ

ಜಿಪ್ಸಿಯವರು ಜಾಸ್ತಿ ಹೆದರುವುದು ಇದಕ್ಕೇ. 55-60ರ ಸ್ಪೀಡಿನಲ್ಲಿ ಒಂದು ಗುಂಡಿ ಹಾರಿದರೆ ಸ್ಟೀರಿಂಗ್ ಕೈಯಲ್ಲಿ ಕುಣಿಯಲು ಶುರುವಾಗುತ್ತದೆ, ನಿಧಾನ ಮಾಡುವ ತನಕ ನಿಲ್ಲುವುದಿಲ್ಲ. ಎಚ್ ಕ್ರಾಸ್ ಹತ್ತಿರ ನನಗೆ ಮೊದಲ ಸಲ ಆದಾಗ ಟೈರ್ ಕಳಚಿತು ಅಂತಲೇ ಅಂದುಕೊಂಡೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಸ್ಟೀರಿಂಗ್ ಡ್ಯಾಂಪರ್ ಹೊಸದು ಹಾಕಿದೆ. ಎರಡು ತಿಂಗಳು ಕಡಿಮೆಯಾದ ಹಾಗಿತ್ತು, ಮತ್ತೆ ಬಂತು. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಕಾರಣ ತೋರಿಸಿಕೊಟ್ಟವರು ಶಿಡ್ಲಘಟ್ಟದಲ್ಲಿ ಲೇತ್ ಇಟ್ಟಿರುವ ಒಬ್ಬ ಹಿರಿಯರು. ಮುಂದಿನ ಚಕ್ರ ನೆಲದಿಂದ ಎತ್ತಿಸಿದರು. “ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಮ್ಮ” ಅಂದರು. ಟಕ್ ಟಕ್ ಅಂತ ಅಲ್ಲಾಡಿತು. “ಈಗ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳು. ಮತ್ತೆ ಅಲ್ಲಾಡಿಸು.” ಆಗಲೂ ಅಲ್ಲಾಡಿತು. “ಬ್ರೇಕ್ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್‌ಪಿನ್ನು ನೋಡಮ್ಮ, ಅಷ್ಟೇ.” ಹದಿನೈದು ಸೆಕೆಂಡಿನ ಪರೀಕ್ಷೆ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಕ್ಯಾಲಿಪರ್ ಹಿಡಿಯುತ್ತದೆ, ಆಗ ಬೇರಿಂಗಿನ ಆಟ ತಡೆಯುತ್ತದೆ. ಉಳಿದ ಆಟ ಅದರ ಹಿಂದಿನ ನಕಲ್‌ನದ್ದು, ಅಂದರೆ ಸ್ಟೀರಿಂಗ್ ಜೊತೆ ಚಕ್ರವನ್ನು ತಿರುಗಿಸುವ ಭಾಗದ್ದು. ಅದು ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಮೇಲೆ.

ಕಿಂಗ್‌ಪಿನ್ ಕೆಲಸ ಮೊದಲ ವರ್ಷವೇ ಒಬ್ಬರೇ ಮಾಡಬೇಡಿ, ಗೊತ್ತಿರುವವರ ಜೊತೆ ಮಾಡಿ. ಆದರೆ ಶಿಮ್ ಮೇಲೆ ಕಣ್ಣಿಟ್ಟಿರಿ. ಮೇಲಿನ ಪಿನ್, ಕೆಳಗಿನ ಪಿನ್ ಎರಡರಡಿಯಲ್ಲೂ ಕಾಗದದಷ್ಟು ತೆಳು ತಗಡಿನ ಬಿಲ್ಲೆಗಳಿರುತ್ತವೆ. ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಯ ಎಡದ್ದು ಬಲದ್ದು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದರು. ಜೋಡಿಸಿದ ಮೇಲೆ ಸ್ಟೀರಿಂಗ್ ಒಂದು ಕಡೆ ಭಾರ, ಒಂದು ಕಡೆ ಹಗುರ. ಮತ್ತೆ ಎಲ್ಲ ಬಿಚ್ಚಬೇಕಾಯಿತು. ಈಗ ನಾನು ತಂತಿಯಲ್ಲಿ ಪೋಣಿಸಿ “ಎಡ ಮೇಲೆ”, “ಎಡ ಕೆಳಗೆ” ಅಂತ ಚೀಟಿ ಕಟ್ಟುತ್ತೇನೆ. ಶಿಮ್ ತೆಗೆದಷ್ಟೂ ಬಿಗಿ. ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಕೈ ಅಂದಾಜು ಬೇಡ. ನಕಲ್‌ನ ಹಿಂದಿನ ರಬ್ಬರ್ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ನಕಲ್ ಕದಲುವ ಹೊತ್ತಿಗೆ ಮುಳ್ಳು 1ರಿಂದ 1.8 ಕೆಜಿ ಒಳಗೆ ಇರಬೇಕು. ಸಂತೆಯಲ್ಲಿ ಸಿಗುವ ಐದು ಕೆಜಿಯ ತಕ್ಕಡಿಯೇ ಸಾಕು. ಬಿಚ್ಚಿದಾಗ ಒಳಗಿನ ಗ್ರೀಸ್ ನೀರಾಗಿ ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ ಒಳಗಿನ ಸೀಲ್ ಹೋಗಿದೆ ಅಂತ. ಅದನ್ನೂ ಆಗಲೇ ಬದಲಾಯಿಸಿ, ಇನ್ನೊಂದು ಸಲ ಅಲ್ಲಿಗೆ ಹೋಗುವ ಕೆಲಸ ಬೇಡ. ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ.

ಇಷ್ಟಾದ ಮೇಲೆ ಅಪ್‌ಗ್ರೇಡ್

ಮೊದಲು ಹೆಡ್‌ಲೈಟ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್ಚು. ಹಳೇ ಜಿಪ್ಸಿಯ ದೀಪ ಮಂಕು ಅಂತ ಎಲ್ಲರೂ ದೊಡ್ಡ ಎಲ್‌ಇಡಿ ಕಟ್ಟುತ್ತಾರೆ, ಎದುರಿನವರ ಕಣ್ಣು ಕುಕ್ಕುತ್ತದೆ. ದೋಷ ಬಲ್ಬಿನದ್ದಲ್ಲ. ಎರಡು 60 ವ್ಯಾಟ್ ಬಲ್ಬಿಗೆ ಬೇಕಾದ 10 ಆಂಪಿಯರ್ ಕರೆಂಟು ಹಳೇ ಸ್ವಿಚ್ಚು, ಹಳೇ ವೈರು ಸುತ್ತಿ ಬರುವಷ್ಟರಲ್ಲಿ ಸೋತಿರುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸು, ಎರಡು ರಿಲೇ. ಹಳೇ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡಲಿ. ಅದೇ ಬಲ್ಬು ಬೇರೆಯದೇ ಬೆಳಕು ಕೊಡುತ್ತದೆ.

ಟೈರು. ಜಿಪ್ಸಿ ಕಿಂಗ್‌ಗೆ ಬರುತ್ತಿದ್ದ ರೇಡಿಯಲ್ 205/70 ಆರ್15. ನಾನೀಗ ಹಾಕಿರುವುದು 215/75 ಆರ್15. ಲೆಕ್ಕ ಹಾಕಿದರೆ ಟೈರಿನ ಎತ್ತರ 668 ಮಿಲಿಮೀಟರಿನಿಂದ 704ಕ್ಕೆ ಹೋಗುತ್ತದೆ. ಅಂದರೆ ಆಕ್ಸಲ್ 18 ಮಿಲಿಮೀಟರ್ ಮೇಲೇಳುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿರುತ್ತದೆ. ಮೊದಲು ಹಾಕಿಸಿದ್ದು 235/75, 734 ಮಿಲಿಮೀಟರ್. ಪೂರ್ತಿ ತಿರುಗಿಸಿದಾಗ ಸ್ಪ್ರಿಂಗ್ ಪ್ಲೇಟಿಗೆ ಉಜ್ಜುತ್ತಿತ್ತು, ಏರಿನಲ್ಲಿ ಇಂಜಿನ್ ಏದುಸಿರು ಬಿಡುತ್ತಿತ್ತು, ಬ್ರೇಕಿಗೆ ಭಾರ ಬೇರೆ. ಅದನ್ನು ಮಾರಿದೆ.

ಗಾಡಿ ಎತ್ತರಿಸುವ ಕಿಟ್ ನನ್ನ ಮಟ್ಟಿಗೆ ಬೇಡ. ಕುಸಿದ ಲೀಫ್ ಸ್ಪ್ರಿಂಗ್ ಪ್ಲೇಟುಗಳನ್ನು ಮೊದಲಿನ ಕಮಾನಿಗೆ ತಂದು, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಕಂಪನಿ ಕೊಟ್ಟ ಎತ್ತರ ವಾಪಸ್ ಬರುತ್ತದೆ, ನಮ್ಮ ಕಡೆಯ ದಾರಿಗೆ ಅದು ಧಾರಾಳ. ಕಾನೂನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿದರೆ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದೆ. ಆ ದುಡ್ಡಿನಲ್ಲಿ ಚಾಸಿಗೆ ಬೋಲ್ಟ್ ಆಗುವ ಎಳೆಯುವ ಕೊಕ್ಕೆ ಹಿಂದೊಂದು ಮುಂದೊಂದು ಹಾಕಿಸಿ, ಒಳ್ಳೇ ಪಟ್ಟಿ ಹಗ್ಗ ತಗೊಳ್ಳಿ. ಕೆಸರಿನಲ್ಲಿ ಹೂತಾಗ ಬಂಪರಿಗೆ ಹಗ್ಗ ಕಟ್ಟಿದರೆ ಬಂಪರ್ ಮಾತ್ರ ಹೊರಗೆ ಬರುತ್ತದೆ.

ಓಡಿಸಿ ನೋಡುವುದು

ಪ್ರತಿ ಕೆಲಸ ಮುಗಿದ ಮೇಲೆ ನಾನು ಒಂದೇ ದಾರಿಯಲ್ಲಿ ಓಡಿಸುತ್ತೇನೆ. ಊರಿನಿಂದ ತಲಕಾಯಲಬೆಟ್ಟದ ಕಡೆ ಹೋಗುವ ದಾರಿ, ಟಾರು ಮುಗಿದು ಮಣ್ಣು, ಆಮೇಲೆ ಕಲ್ಲು. ದಾರಿ ಅದೇ ಇದ್ದರೆ ಗಾಡಿಯಲ್ಲಿ ಆದ ಬದಲಾವಣೆ ಗೊತ್ತಾಗುತ್ತದೆ. ಫೋರ್ ವೀಲ್ ಹಾಕುವುದು ಮಣ್ಣಿಗೆ ಇಳಿದ ಮೇಲೆ. ಒಣ ಟಾರಿನ ಮೇಲೆ ಹಾಕಿ ತಿರುಗಿಸಿದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ, ಏಕೆಂದರೆ ಇದರಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲಿನ ಲೋ ಗೇರ್ (ವೇಗ ಕಡಿಮೆ, ಎಳೆತ ಜಾಸ್ತಿ) ಕಲ್ಲು ಏರಿಗೆ, ಕಡಿದಾದ ಇಳಿಜಾರಿಗೆ. ಇಳಿಯುವಾಗ ಫಸ್ಟ್ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಅರಣ್ಯ ಇಲಾಖೆಯ ಜಾಗಕ್ಕೆ, ಬೆಳೆ ಇಟ್ಟಿರುವ ಕೆರೆ ಅಂಗಳಕ್ಕೆ ಗಾಡಿ ಇಳಿಸಬೇಡಿ.

ಮನೆಗೆ ಬಂದ ತಕ್ಷಣ ನಾಲ್ಕೂ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿಯಿರಿ, ಮುಟ್ಟುವ ಮೊದಲು ಬಿಸಿ ಎಷ್ಟಿದೆ ನೋಡಿ. ಎಡ ಬಲ ಒಂದೇ ಥರ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಬಿಡುತ್ತಿಲ್ಲ. ಮಾರನೇ ಬೆಳಗ್ಗೆ ಗಾಡಿ ಕೆಳಗೆ ಹಾಸಿದ ರಟ್ಟಿನ ಮೇಲೆ ಯಾವ ಜಾಗದಲ್ಲಿ ಹನಿ ಬಿದ್ದಿದೆ ನೋಡಿ, ದಿನಾಂಕ ಸಮೇತ ಪುಸ್ತಕದಲ್ಲಿ ಬರೆದಿಡಿ. ನನ್ನ ಪುಸ್ತಕದಲ್ಲಿ ಹುಳು ಬೆಳೆಯ ಲೆಕ್ಕ ಎಡ ಪುಟಕ್ಕೆ, ಗಾಡಿಯ ಲೆಕ್ಕ ಬಲ ಪುಟಕ್ಕೆ. ಮೊನ್ನೆ ಹಿಂದಿನ ಎಡ ಚಕ್ರದ ಒಳಗಡೆ ಒಂದು ಹನಿ ಕಂಡಿದೆ. ಆಕ್ಸಲ್ ಸೀಲ್ ತಂದಿಟ್ಟಿದ್ದೇನೆ. ಹುಳು ಈಗ ಮೂರನೇ ಜ್ವರದಲ್ಲಿದೆ, ಗೂಡು ಮಾರಿದ ಮೇಲೆ ಬಿಚ್ಚಬೇಕು.